ವಡಗಾವಿಯವರ ಗೋಲು

ವಡಗಾವಿ, ಬೆಳಗಾವಿ
೬ ಅಕ್ಟೋಬರ್ ೨೦೨೪

ಗೆಳೆಯ ಗುರುಪುತ್ರಪ್ಪನಿಗೆ ಸನಾಉಲ್ಲಾನ ಸಲಾಂ.

ಫೋನ್ ಮಾಡುವುದು ಬಿಟ್ಟು ಕಾಗದ ಬರೆದಿದ್ದಾನೆ ಎಂದು ನಗಬೇಡ. ನಲವತ್ತು ವರ್ಷ ವಿದ್ಯುತ್ ಮಗ್ಗಗಳ ನಡುವೆ ನಿಂತ ಕಿವಿ ಇದು. ಎಡಗಿವಿ ಹೋಗಿ ಐದು ವರ್ಷವಾಯಿತು, ಬಲಗಿವಿ ಈ ರಂಜಾನಿನಲ್ಲಿ ಹೋಯಿತು. ಮೊಬೈಲಿನಲ್ಲಿ ಟೈಪು ಮಾಡಿ ಎಂದು ಮನೆಯಾಕೆ ಬಿಲ್ಕೀಸ ಹೇಳುತ್ತಾಳೆ. ನಾನು ಬೆರಳಿಟ್ಟರೆ ಮೂರು ಅಕ್ಷರ ಒಟ್ಟಿಗೇ ಬೀಳುತ್ತವೆ. ಕನ್ನಡ ಸಾಲಿಯಲ್ಲಿ ಕಲಿತ ಕೈಬರಹ ಇನ್ನೂ ಚೆನ್ನಾಗಿದೆ, ಅದೇ ಸಾಕು.

ಸಂತೋಷದ ಸುದ್ದಿ ಇದೆ. ನಮ್ಮ ಸಂಘದ ಹುಡುಗರು ಜನವರಿ ೨೬ಕ್ಕೆ ಫುಟ್‌ಬಾಲ್ ಪಂದ್ಯಾವಳಿ ಇಟ್ಟಿದ್ದಾರೆ. ಮುಂದಾಳು ನನ್ನ ತಮ್ಮನ ಮಗ ಫರ್ದೀನ. ಅವತ್ತು ಒಬ್ಬ ಹಳೆಯ ಆಟಗಾರನಿಗೆ ಸನ್ಮಾನ ಮಾಡಬೇಕೆಂದು ಸಭೆ ಕೂತಾಗ ನಾನು ಕೈ ಎತ್ತಿ ಒಂದೇ ಹೆಸರು ಹೇಳಿದೆ: ಖಾನಾಪುರದ ಗೋಲ್‌ಕೀಪರ್ ಗುರುಪುತ್ರಪ್ಪ. ಯಾರೂ ಬೇರೆ ಹೆಸರು ಹೇಳಲಿಲ್ಲವಂತೆ.

೧೯೮೮ರ ಫೈನಲ್ ಬಗ್ಗೆ ಒಂದು ಪುಟ ಬರೆದುಕೊಡು ಎಂದು ಹುಡುಗರು ಕೇಳಿದ್ದಾರೆ. ನಾನು ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದು: "ಡಿಸೆಂಬರ್ ಹದಿನೆಂಟು, ಭಾನುವಾರ, ಖಾನಾಪುರದ ಮೈದಾನ. ವಡಗಾವಿಯಿಂದ ಎರಡು ಲಾರಿ ತುಂಬ ನೇಕಾರರು ಬಂದಿದ್ದರು. ಕೊನೆಯ ನಿಮಿಷದವರೆಗೂ ಸೊನ್ನೆ-ಸೊನ್ನೆ. ಸನಾಉಲ್ಲಾ ಒದ್ದ ಚೆಂಡು ಮೇಲಿನ ಅಡ್ಡಕಂಬಕ್ಕೆ ಬಡಿದು ಕೆಳಗೆ ಬಿತ್ತು, ಕೀಪರ್ ಅದರ ಮೇಲೆ ಬಿದ್ದ. ರೆಫ್ರಿ ಗಜಾನನ ಮಾಸ್ತರ ಗೋಲ್ ಇಲ್ಲ ಎಂದು ಕೈ ಬೀಸಿದ. ಆಗ ಕೀಪರ್ ಗುರುಪುತ್ರಪ್ಪನೇ ಮುಂದೆ ಬಂದು, ತನ್ನ ತಂಡ ಸೋತರೂ ಚಿಂತೆಯಿಲ್ಲ, ಚೆಂಡು ಒಳಗೆ ಬಿದ್ದಿತ್ತು ಎಂದು ಸತ್ಯ ಹೇಳಿದ. ಪಂದ್ಯದ ಕಪ್ಪು ವಡಗಾವಿಗೆ ಬಂತು."

ನಿನ್ನ ಒಂದು ಫೋಟೋ ಕಳಿಸು. ದೊಡ್ಡ ಫಲಕ ಮಾಡಿಸುತ್ತಾರಂತೆ.

ನಿನ್ನ ಗೆಳೆಯ,
ಸನಾಉಲ್ಲಾ


ಖಾನಾಪುರ
೧೯ ಅಕ್ಟೋಬರ್ ೨೦೨೪

ಸನಾಉಲ್ಲಾನಿಗೆ ಶರಣು.

ನಿನ್ನ ಕಾಗದ ತಲುಪಿ ಹತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರಪಡಬೇಡ. ಭತ್ತದ ಹಂಗಾಮು ಹತ್ತಿರ ಬಂತು, ಅಕ್ಕಿ ಗಿರಣಿಯ ಯಂತ್ರ ಬಿಚ್ಚಿ ಕೂತಿದ್ದೇವೆ.

ಸನ್ಮಾನ ಬೇಡ. ವಿನಯಕ್ಕಾಗಿ ಹೇಳುತ್ತಿಲ್ಲ. ಅಷ್ಟು ಹಳೆಯ ಆಟದ ವಿಷಯ ಈಗ ಎತ್ತುವುದು ಯಾಕೆ? ಗಜಾನನ ಮಾಸ್ತರು ಇನ್ನೂ ಇಲ್ಲೇ ಖಾನಾಪುರದಲ್ಲೇ ಇದ್ದಾರೆ. ಎಪ್ಪತ್ತೊಂದು ವರ್ಷ. ಅವರ ಕಿವಿಗೆ ಬಿದ್ದರೆ ಅವರಿಗೆ ನೋವಾಗುತ್ತದೆ.

ನೀನು ಬರೆದ ಪುಟವನ್ನು ದಯವಿಟ್ಟು ಅಚ್ಚಿಗೆ ಕೊಡಬೇಡ. ಬಿಲ್ಕೀಸ ಅವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ಗುರುಪುತ್ರಪ್ಪ


ವಡಗಾವಿ
೨೭ ಅಕ್ಟೋಬರ್ ೨೦೨೪

ಗುರುಪುತ್ರಪ್ಪಾ,

ನೀನು ಹೀಗೇ ಬರೆಯುತ್ತೀಯ ಎಂದು ಬಿಲ್ಕೀಸಳ ಹತ್ತಿರ ಮೊದಲೇ ಹೇಳಿದ್ದೆ. ಫಲಕ ಆಗಲೇ ತಯಾರಾಗಿದೆ. ನಿನ್ನ ಮಗಳು ಐಶ್ವರ್ಯಾ ಫರ್ದೀನನ ಫೋನಿಗೆ ಫೋಟೋ ಕಳಿಸಿದಳು. "ನಮ್ಮ ಅಪ್ಪಾಜಿಗೆ ಹೇಳಬ್ಯಾಡ್ರಿ, ಬ್ಯಾಡ ಅಂತಾರ" ಎಂದಳಂತೆ.

ಮಾಸ್ತರನ ನೋವಿನ ಮಾತು ಎತ್ತಿದ್ದೀಯಲ್ಲ, ನಿನ್ನ ಮನಸ್ಸು ದೊಡ್ಡದು. ನನ್ನದು ಅಷ್ಟು ದೊಡ್ಡದಲ್ಲ. ಐದು ಮಾರು ದೂರದಲ್ಲಿ ನಿಂತು ಕಂಡದ್ದನ್ನು ಕಂಡಿಲ್ಲ ಎಂದ ಮನುಷ್ಯ ಅವನು. ನಿನ್ನ ಬಾಯಿಂದ ಸತ್ಯ ಬರದೇ ಹೋಗಿದ್ದರೆ ನಮ್ಮ ಹುಡುಗರು ಬರಿಗೈಯಲ್ಲಿ ಮನೆಗೆ ಬರುತ್ತಿದ್ದರು. ಅವನಿಗೆ ಆದದ್ದು ಆಯಿತು. ಅದರ ಬಗ್ಗೆ ನಾನು ಮಾತಾಡುವುದಿಲ್ಲ.

ಬರುತ್ತೇನೆ ಎಂದು ಒಂದು ಸಾಲು ಬರೆ, ಸಾಕು.

ನಿನ್ನ,
ಸನಾಉಲ್ಲಾ


ಖಾನಾಪುರ
೧೬ ನವೆಂಬರ್ ೨೦೨೪

ಸನಾಉಲ್ಲಾ,

ಇದನ್ನು ಮೂರು ಸಲ ಬರೆದು ಹರಿದೆ. ಈ ಸಲ ಹರಿಯುವುದಿಲ್ಲ.

ಕಳೆದ ಸೋಮವಾರ ಅವ್ವನನ್ನು ಕರೆದುಕೊಂಡು ಪಿಂಚಣಿಯ ಕೆಲಸಕ್ಕೆ ಇಲ್ಲಿಯ ಸೇವಾ ಕೇಂದ್ರಕ್ಕೆ ಹೋಗಿದ್ದೆ. ನವೆಂಬರ್ ಬಂತೆಂದರೆ ಪಿಂಚಣಿದಾರರೆಲ್ಲ ತಾವು ಬದುಕಿದ್ದೇವೆ ಎಂದು ತೋರಿಸಬೇಕು. ನಮ್ಮ ಮುಂದೆ ಸಾಲಿನಲ್ಲಿ ಗಜಾನನ ಮಾಸ್ತರು ನಿಂತಿದ್ದರು. ಅವರ ಬೆರಳಿನ ಗುರುತು ಯಂತ್ರಕ್ಕೆ ಸಿಗಲಿಲ್ಲ. ಕಂಪ್ಯೂಟರಿನ ಹುಡುಗಿ, ಪಾಪ, ಹೊಸಬಳು, ದುರ್ಬೀನಿನಂಥ ಒಂದು ಪೆಟ್ಟಿಗೆ ಅವರ ಮುಖಕ್ಕೆ ಹಿಡಿದಳು.

"ಅಜ್ಜಾರ, ಎರಡೂ ಕಣ್ಣು ಅಗಲ ತೆರೀರಿ."

"ಒಂದ ಐತಿ ನೋಡವಾ. ಇನ್ನೊಂದು ಮೈದಾನದಾಗ ಬಿಟ್ಟೀನಿ."

ಸಾಲಿನಲ್ಲಿದ್ದವರು ನಕ್ಕರು. ಉಳಿದ ಒಂದು ಕಣ್ಣಿಗೂ ಪೊರೆ ಬಂದಿದೆ. ಯಂತ್ರ ಅದನ್ನೂ ಒಪ್ಪಲಿಲ್ಲ. ಹುಡುಗಿ ಕಾಗದದ ಅರ್ಜಿ ಕೊಟ್ಟು, ಗುರುತು ಹೇಳುವವರು ಒಬ್ಬರ ಸಹಿ ಬೇಕು ಎಂದಳು. ಮಾಸ್ತರು ತಿರುಗಿ ನೋಡಿದರು. ನನ್ನ ದನಿ ಕೇಳಿ ಗುರುತು ಹಿಡಿದಿದ್ದರೆಂದು ಕಾಣುತ್ತದೆ.

"ಇಲ್ಲೇ ಅದಾರಲ್ಲ ಗುರುಪುತ್ರಪ್ಪಾರು. ಅವರ ಸಾಕ್ಷಿ ಹಾಕಿದರ ಸಾಕು. ಅವರ ಮಾತು ಊರಾಗ ನಡೀತೈತಿ."

ಅದರಲ್ಲಿ ವ್ಯಂಗ್ಯ ಇರಲಿಲ್ಲ ಸನಾಉಲ್ಲಾ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಸಹಿ ಮಾಡಿದೆ. ಈ ಮನುಷ್ಯ ಬದುಕಿದ್ದಾನೆ, ಇದು ಸತ್ಯ, ಎಂದು ಅಚ್ಚಾಗಿದ್ದ ಸಾಲಿನ ಕೆಳಗೆ ನನ್ನ ಹೆಸರು. ಅವ್ವ ನನ್ನ ಮುಖ ನೋಡಿ, "ಯಾಕೋ ಹಿಂಗ ಬೆವರಾಕತ್ತಿ? ಜ್ವರ ಬಂದಾವೇನು?" ಎಂದಳು.

ಈಗ ಹೇಳುತ್ತೇನೆ. ಚೆಂಡು ಗೆರೆ ದಾಟಿರಲಿಲ್ಲ.

ನೀನು ಒದ್ದ ಚೆಂಡು ಕಂಬಕ್ಕೆ ಬಡಿದು ಕೆಳಗೆ ಬಂತು. ನಾನು ಅದರ ಮೇಲೆ ಬಿದ್ದೆ. ಮಾಸ್ತರು ಓಡಿ ಬಂದು ನೋಡಿ, ಇಲ್ಲ ಎಂದು ಕೈ ಬೀಸಿದರು. ಅದು ಸರಿಯಾದ ತೀರ್ಪು. ಅಷ್ಟರಲ್ಲಿ ನಿಮ್ಮ ಎರಡು ಲಾರಿಯ ಜನ ಮೈದಾನಕ್ಕೆ ನುಗ್ಗಿದರು. ನಿಮ್ಮ ರಾಯಪ್ಪ ಮೂಲೆಯ ಬಾವುಟದ ಕೋಲು ಕಿತ್ತುಕೊಂಡು ಬಂದು ನನ್ನ ಕೊರಳಪಟ್ಟಿ ಹಿಡಿದ.

"ಖರೇ ಹೇಳಲೇ! ಚೆಂಡು ಒಳಗ ಬಿದ್ದಿತ್ತೋ ಇಲ್ಲೋ?"

ನನಗೆ ಇಪ್ಪತ್ತೊಂದು ವರ್ಷ. ಅವನ ಕೋಲು ನನ್ನ ತಲೆಯ ಮೇಲಿತ್ತು. "ಬಿದ್ದಿತ್ರಿ" ಎಂದೆ. ಜೀವ ಉಳಿಯಲಿ ಎಂದು ಹೇಳಿದ ಮಾತು. ಅವನು ನನ್ನನ್ನು ಬಿಟ್ಟು, "ಕೀಪರ್ ತಾನ ಒಪ್ಪಿಕೊಂಡಾನ!" ಎಂದು ಕೂಗಿದ. ಜನರೆಲ್ಲ ಮಾಸ್ತರ ಕಡೆ ತಿರುಗಿದರು. ಮುಂದಿನದು ನಿನಗೂ ಗೊತ್ತು. ಯಾರೋ ಕಲ್ಲು ಎಸೆದರು. ಮಾಸ್ತರ ಎಡಗಣ್ಣು ಹೋಯಿತು.

ಅದು ಭಯದ ಸುಳ್ಳು. ಅದನ್ನು ಯಾರಾದರೂ ಕ್ಷಮಿಸಬಹುದು. ಹದಿನೈದು ದಿನಗಳ ನಂತರ ಪಂದ್ಯಾವಳಿ ನಡೆಸಿದ ಸಮಿತಿಯವರು ನನ್ನನ್ನು ಕರೆಸಿ, ಬರೆದುಕೊಡು ಎಂದರು. ಅಲ್ಲಿ ಕೋಲು ಇರಲಿಲ್ಲ. ಚಹಾ ಇತ್ತು, ಕುರ್ಚಿ ಇತ್ತು. ಇಂಥ ಪ್ರಾಮಾಣಿಕ ಹುಡುಗ ಎಲ್ಲಿ ಸಿಗಬೇಕು ಎಂದು ಬೆನ್ನು ತಟ್ಟಿದರು. ಇಲ್ಲ ಎಂದರೆ ಆ ಕಣ್ಣು ಹೋದ ಪಾಪ ನನ್ನ ತಲೆಯ ಮೇಲೆ ಬರುತ್ತಿತ್ತು. ಬಿದ್ದಿತ್ತು ಎಂದೇ ಬರೆದು ಸಹಿ ಮಾಡಿದೆ. ಅದರ ಮೇಲೆ ಕಪ್ಪು ನಿಮಗೆ ಬಂತು. ಮಾಸ್ತರಿಗೆ ಇನ್ನು ಸೀಟಿ ಹಿಡಿಯಬೇಡ ಎಂದು ಆದೇಶ ಹೋಯಿತು.

ಮೂವತ್ತಾರು ವರ್ಷ ಈ ತಾಲೂಕಿನಲ್ಲಿ ಯಾರ ಮನೆಯ ಜಗಳವಾದರೂ ಜನ ನನ್ನನ್ನು ಕರೆದಿದ್ದಾರೆ. ಗುರುಪುತ್ರಪ್ಪ ಸುಳ್ಳು ಹೇಳುವವನಲ್ಲ, ತನ್ನ ತಂಡದ ವಿರುದ್ಧವೇ ಖರೇ ಹೇಳಿದವ, ಎಂದು. ಆ ಫಲಕ ಇಳಿಸು.

ಗುರುಪುತ್ರಪ್ಪ


ವಡಗಾವಿ
೧೭ ಡಿಸೆಂಬರ್ ೨೦೨೪

ಗುರುಪುತ್ರಪ್ಪಾ,

ನಿನ್ನ ಕಾಗದ ನವೆಂಬರ್ ಇಪ್ಪತ್ತಕ್ಕೇ ಬಂತು. ಮಗ್ಗದ ಮುಂದೆ ನಿಂತೇ ಓದಿದೆ. ಎರಡು ಎಳೆ ಕಡಿದು ಸೀರೆ ಹಾಳಾಗುತ್ತಿದ್ದರೂ ನನಗೆ ತಿಳಿಯಲಿಲ್ಲ. ಪಕ್ಕದ ಮಗ್ಗದವನು ಬಂದು ಸ್ವಿಚ್ ಆರಿಸಿದ.

ಒಂದು ತಿಂಗಳಿಂದ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಿಲ್ಲ. ಹೇಗೂ ಕಿವಿ ಕೇಳುವುದಿಲ್ಲ, ಆದ್ದರಿಂದ ಯಾರಿಗೂ ಅನುಮಾನ ಬಂದಿಲ್ಲ. ಬಿಲ್ಕೀಸಳಿಗೆ ಮಾತ್ರ ಬಂದಿದೆ.

ನನ್ನದು ಒಂದೇ ಪ್ರಶ್ನೆ. ನಿನಗೆ ಖಾತ್ರಿ ಇದೆಯೇ? ನೀನು ಆಗ ನೆಲಕ್ಕೆ ಬಿದ್ದಿದ್ದೆ. ಧೂಳಿತ್ತು. ವಯಸ್ಸಾದ ಮೇಲೆ ಮನುಷ್ಯ ತಾನು ಮಾಡದ ತಪ್ಪನ್ನೂ ತಲೆಗೆ ಹಚ್ಚಿಕೊಳ್ಳುವುದುಂಟು. ಖಾತ್ರಿ ಇಲ್ಲದಿದ್ದರೆ ಇಲ್ಲ ಎಂದು ಬರೆ. ಬೇಗ ಬರೆ.

ಸನಾಉಲ್ಲಾ


ಖಾನಾಪುರ
೨೪ ಡಿಸೆಂಬರ್ ೨೦೨೪

ಸನಾಉಲ್ಲಾ,

ಖಾತ್ರಿ ಇದೆ. ಗೋಲ್ ಗೆರೆಗೆ ಅವತ್ತು ಮಧ್ಯಾಹ್ನ ನಾನೇ ಸುಣ್ಣ ಹಾಕಿದ್ದೆ, ನಾಲ್ಕು ಬೆರಳು ಅಗಲಕ್ಕೆ. ಚೆಂಡು ಬಿದ್ದದ್ದು ಸುಣ್ಣದ ಮೇಲೆ. ಸುಣ್ಣ ಹಾರಿ ನನ್ನ ಬಾಯಿಗೆ ಬಂತು. ಮೇಲೆ ಎದ್ದು ನೋಡಿದಾಗ ಗೆರೆಯಲ್ಲಿ ಚೆಂಡಿನ ಗುರುತು ಬಟ್ಟಲಿನ ಹಾಗೆ ಮೂಡಿತ್ತು, ಅದರ ಮೈದಾನದ ಕಡೆಯ ಅಂಚು ಗೆರೆಯ ಈಚೆಗೇ ಇತ್ತು. ಇಡೀ ಚೆಂಡು ಗೆರೆಯಾಚೆ ಹೋದರೆ ಮಾತ್ರ ಗೋಲು. ಮಾಸ್ತರೂ ಬಗ್ಗಿ ಆ ಗುರುತು ನೋಡಿದರು. ಆಮೇಲೆ ನೂರು ಕಾಲು ಅದರ ಮೇಲೆ ಓಡಾಡಿದವು.

ನೀನು ಬೇರೆ ಉತ್ತರ ಬಯಸಿದ್ದೆ ಎಂದು ನನಗೆ ಅರ್ಥವಾಗಿದೆ. ಯಾಕೆ ಎಂದು ಮಾತ್ರ ಅರ್ಥವಾಗಲಿಲ್ಲ. ಒಂದು ಕಪ್ಪಿಗಾಗಿ ನೀನು ಇಷ್ಟು ಕುಸಿಯುವವನಲ್ಲ.

ಗುರುಪುತ್ರಪ್ಪ


ವಡಗಾವಿ
೨ ಜನವರಿ ೨೦೨೫

ಗುರುಪುತ್ರಪ್ಪಾ,

ಕಲ್ಲು ನನ್ನದು.

ಈ ಎರಡು ಶಬ್ದ ನಾನು ಎಲ್ಲಿಯೂ ಬರೆದಿರಲಿಲ್ಲ, ನಿನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ. ಅಬ್ಬಾ ಸಾಯುವಾಗಲೂ ಹೇಳಲಿಲ್ಲ.

ಒದ್ದ ಮೇಲೆ ನನಗೆ ಕಂಡದ್ದು ಕಂಬ, ಆಮೇಲೆ ನಿನ್ನ ಬೆನ್ನು. ಒಳಗೆ ಬಿತ್ತು ಎಂದು ಎಲ್ಲರ ಹಾಗೆ ನಾನೂ ಕೂಗಿದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಆಗ ರಾಯಪ್ಪ, ಕೀಪರ್ ತಾನ ಒಪ್ಪಿಕೊಂಡಾನ ಎಂದು ಕೂಗಿದ್ದು ಕೇಳಿತು. ಆಗ ನನ್ನ ಕಿವಿ ಚೆನ್ನಾಗಿದ್ದವು. ಎದುರು ತಂಡದ ಹುಡುಗನೇ ಒಪ್ಪಿದ ಮೇಲೆ ಈ ಮನುಷ್ಯ ಯಾರ ಪರವಾಗಿ ನಮ್ಮ ಗೋಲು ಕದಿಯುತ್ತಿದ್ದಾನೆ ಅನ್ನಿಸಿತು. ಕಾಲ ಬಳಿ ಒಂದು ಜಲ್ಲಿಕಲ್ಲು ಬಿದ್ದಿತ್ತು. ಎತ್ತಿಕೊಂಡದ್ದು ನೆನಪಿದೆ. ಎಸೆದದ್ದೂ ನೆನಪಿದೆ. ಅವರು ಮುಖ ಹಿಡಿದು ಮೊಣಕಾಲೂರಿ ಕೂತರು. ಬೆರಳ ಸಂದಿಯಿಂದ ರಕ್ತ ಬಂತು. ನಾನು ಓಡಿಹೋಗಿ ಲಾರಿಯಲ್ಲಿ ಜನರ ನಡುವೆ ಕೂತೆ.

ನಾಲ್ಕು ದಿನ ಪೊಲೀಸರಿಗಾಗಿ ಕಾದೆ. ಯಾರೂ ಬರಲಿಲ್ಲ. ಆಮೇಲೆ ನಿನ್ನ ಲಿಖಿತ ಹೇಳಿಕೆ ಬಂತು, ಕಪ್ಪು ಬಂತು. ಜನ ನನ್ನನ್ನು ಹೆಗಲ ಮೇಲೆ ಹೊತ್ತರು. ಆ ಹೆಗಲ ಮೇಲೆ ಕೂತು ನಾನು ನನಗೇ ಹೇಳಿಕೊಂಡೆ: ಕಣ್ಣು ಹೋಗಬಾರದಿತ್ತು, ಆದರೆ ಹೊಡೆದದ್ದು ಕಳ್ಳನಿಗೆ. ಇಷ್ಟು ವರ್ಷ ನಾನು ನೆಮ್ಮದಿಯಾಗಿ ಉಂಡದ್ದು, ಮಲಗಿದ್ದು, ಮಕ್ಕಳನ್ನು ಬೆಳೆಸಿದ್ದು ಆ ಮಾತಿನ ಮೇಲೆ. ನಿನ್ನನ್ನು ಗೆಳೆಯ ಎಂದು ಹಚ್ಚಿಕೊಂಡದ್ದೂ ಅದಕ್ಕೇ. ನೀನು ನನ್ನ ಕೈಯನ್ನು ತೊಳೆದುಕೊಟ್ಟವನಾಗಿದ್ದೆ.

ನಿನ್ನೆ ಬಿಲ್ಕೀಸಳಿಗೆ ಹೇಳಿದೆ. ಅವಳು ಬಹಳ ಹೊತ್ತು ಏನೋ ಹೇಳಿದಳು. ತುಟಿ ನೋಡಿದರೂ ತಿಳಿಯಲಿಲ್ಲ. ಬರೆದು ತೋರಿಸು ಎಂದು ಪಾಟಿ ಕೊಟ್ಟೆ. ಅವಳು ಪಾಟಿ ಕೆಳಗಿಟ್ಟು ಒಳಗೆ ಹೋದಳು.

ನಿನ್ನ ಮೇಲೆ ಸಿಟ್ಟು ಮಾಡಬೇಕೆಂದು ಈ ಕಾಗದ ಶುರು ಮಾಡಿದ್ದೆ. ಬರೆಯುತ್ತ ಬರೆಯುತ್ತ ಅದು ಎಲ್ಲಿಗೋ ಹೋಯಿತು. ಕೋಲು ನಿನ್ನ ತಲೆಯ ಮೇಲಿತ್ತು. ನನ್ನ ತಲೆಯ ಮೇಲೆ ಯಾವ ಕೋಲೂ ಇರಲಿಲ್ಲ.

ಸನಾಉಲ್ಲಾ


ಖಾನಾಪುರ
೭ ಜನವರಿ ೨೦೨೫

ಸನಾಉಲ್ಲಾ,

ನಿನ್ನ ಕಾಗದದ ಮೊದಲ ಸಾಲು ಓದಿ ಗಿರಣಿಯಿಂದ ಹೊರಗೆ ಬಂದು ರಸ್ತೆಯಲ್ಲಿ ನಿಂತುಬಿಟ್ಟೆ. ಒಂದು ಟ್ರ್ಯಾಕ್ಟರ್ ಬಂದು ಹಾರ್ನ್ ಹೊಡೆದ ಮೇಲೆ ಸರಿದೆ.

ಎಷ್ಟು ಸಲ ನೀನು ನನ್ನ ಮನೆಯಲ್ಲಿ ಊಟ ಮಾಡಿದ್ದೀಯ. ಎಷ್ಟು ಸಲ ಈ ಮಾಸ್ತರ ಸುದ್ದಿ ನಮ್ಮ ನಡುವೆ ಬಂದು ಹೋಗಿದೆ. ಒಬ್ಬರ ಮುಖ ಒಬ್ಬರು ನೋಡುತ್ತ, ಇಬ್ಬರೂ ಒಂದೊಂದನ್ನು ಬಾಯಲ್ಲಿ ಇಟ್ಟುಕೊಂಡು ಕೂತಿದ್ದೆವು. ನಾನು ಹೇಳಿದ್ದರಿಂದ ನೀನು ಎಸೆದೆ. ಇದನ್ನು ನಾನು ಹೇಗೆ ಹೊರಲಿ ಎಂದು ಯೋಚಿಸುತ್ತಿದ್ದೇನೆ. ಹೊರಲು ಬರುವುದಿಲ್ಲ.

ಭಾನುವಾರ ಹನ್ನೆರಡನೇ ತಾರೀಖು ಬೆಳಗಿನ ಬಸ್ಸಿಗೆ ಬಾ. ನಾನು ಖಾನಾಪುರ ಬಸ್ ನಿಲ್ದಾಣದಲ್ಲಿ ಇರುತ್ತೇನೆ. ಇಬ್ಬರೂ ಅವರ ಮನೆಗೆ ಹೋಗೋಣ.

ಗುರುಪುತ್ರಪ್ಪ


ವಡಗಾವಿ
೧೫ ಜನವರಿ ೨೦೨೫

ಗುರುಪುತ್ರಪ್ಪಾ,

ಅವತ್ತು ಮಾಸ್ತರ ಮನೆಯಲ್ಲಿ ಏನು ಮಾತಾಯಿತು ಎಂದು ನನಗೆ ಈಗಲೂ ಗೊತ್ತಿಲ್ಲ. ಬಸ್ಸು ಹತ್ತಿಸುವಾಗ ಕೇಳಿದರೆ, ಬರೆದು ಕಳಿಸುತ್ತೇನೆ ಎಂದು ನೀನು ಕೈಸನ್ನೆ ಮಾಡಿದೆ. ಮೂರು ದಿನವಾಯಿತು.

ನನಗೆ ಕಂಡದ್ದು ಇಷ್ಟು. ನೀನು ಮಾತಾಡಿದೆ, ಅಳುತ್ತಿದ್ದೆ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿದರು. ಅವರ ಹೆಂಡತಿ ಚಹಾದ ತಾಟು ಹಿಡಿದು ಬಾಗಿಲವರೆಗೆ ಬಂದು, ನಿಂತು, ಹಾಗೇ ತಿರುಗಿ ಹೋದರು. ನನ್ನ ಸರದಿ ಬಂದಾಗ ನಾನು "ಕಲ್ಲು ನಂದ್ರಿ ಸರ" ಎಂದೆ. ನನ್ನ ದನಿ ನನಗೇ ಕೇಳುವುದಿಲ್ಲ. ಎಷ್ಟು ಜೋರಾಗಿ ಹೇಳಿದೆನೋ ಏನೋ, ಎದುರು ಮನೆಯ ಹೆಂಗಸು ಕಿಟಕಿ ತೆರೆದು ನೋಡಿದಳು.

ಮಾಸ್ತರು ನಕ್ಕರು. ಅದನ್ನು ನಾನು ಸರಿಯಾಗಿ ನೋಡಿದೆ. ಆಮೇಲೆ ಅವರು ಏನೋ ಹೇಳಿದರು, ನೀನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ನಿನ್ನ ಮುಖ ಬೂದಿಯಾಗಿತ್ತು. ಅವರು ಏನು ಹೇಳಿದರು? ಒಂದು ಶಬ್ದವನ್ನೂ ಬಿಡದೆ ಬರೆ.

ಸನಾಉಲ್ಲಾ


ಖಾನಾಪುರ
೧೮ ಜನವರಿ ೨೦೨೫

ಸನಾಉಲ್ಲಾ,

ಬರೆಯಲು ಕೈ ಬರಲಿಲ್ಲ. ಅವರು ಹೇಳಿದ್ದು ನಿನಗೆ ನನಗಿಂತ ಭಾರವಾಗುತ್ತದೆ.

ನೀನು ಕಲ್ಲು ನನ್ನದು ಎಂದಾಗ ಮಾಸ್ತರು ನಕ್ಕು ಹೇಳಿದ್ದು ಇದು: "ಗೊತ್ತೈತಿ. ಹತ್ತು ನಂಬರ್ ಜರ್ಸಿ. ಕಲ್ಲು ಕೈಬಿಟ್ಟದ್ದು ಆ ಕಣ್ಣಿಲೇನ ನೋಡೀನಿ. ಅದು ನೋಡಿದ್ದು ಅದ ಕಡೀದು."

ನಾನು ಎದ್ದು ನಿಂತದ್ದು ಆಗಲೇ. "ಮತ್ತ ಪೊಲೀಸರಿಗೆ ಯಾಕ ಹೇಳಲಿಲ್ರಿ?" ಎಂದೆ.

"ಅವತ್ತ ಸಂಜಿಗೆ ದವಾಖಾನಿಗೆ ಪೊಲೀಸ್ ಸಾಹೇಬರು ಬಂದಿದ್ರು. ಹೊರಗ ನಮ್ಮೂರ ಮಂದಿ ನಾಕುನೂರು ಕೂಡಿದ್ರು. ಸಾಬರ ಹುಡುಗ ಹೊಡದಾನಂತ, ಹೆಸರು ಹೇಳ್ರಿ ಸರ, ಹೆಸರು ಒಂದ ಹೇಳ್ರಿ ಅಂತ ಕೂಗಾಕತ್ತಿದ್ರು. ಲಾರಿ ಇನ್ನೂ ಊರ ದಾಟಿರಲಿಲ್ಲ. ನಾ ಹೆಸರು ಹೇಳಿದ್ದರ ಆ ಎರಡು ಲಾರಿ ಮಂದಿ ವಡಗಾವಿ ಮುಟ್ಟತಿತ್ತೇನು? ಅದಕ್ಕ, ನಾ ಏನೂ ನೋಡಿಲ್ಲ ಅಂದೆ."

ಮತ್ತೆ ಹೇಳಿದರು: "ಮಾಸ್ತರಗ ಕಣ್ಣ ಕಾಣಸೂದಿಲ್ಲ ಅಂತ ಎಲ್ಲಾರೂ ಅಂತಿದ್ರಲ್ಲ. ಪೊಲೀಸರೂ ನಂಬಿದ್ರು."

ನಾಲ್ಕು ದಿನ ಪೊಲೀಸರಿಗಾಗಿ ಕಾದೆ, ಯಾರೂ ಬರಲಿಲ್ಲ ಎಂದು ಬರೆದಿದ್ದೆಯಲ್ಲ. ಬರದಿದ್ದುದು ಇದಕ್ಕೆ.

ಪರಿಹಾರ, ಚಿಕಿತ್ಸೆ ಎಂದು ನಾನು ಏನೇನೋ ಹೇಳಹೋದೆ. ಅವರು ಕೈ ಅಡ್ಡ ಹಿಡಿದರು. ಕೇಳಿದ್ದು ಒಂದೇ: ಕಪ್ಪಿನ ಮೇಲೆ "ವಡಗಾವಿ ಒಂದು, ಖಾನಾಪುರ ಸೊನ್ನೆ" ಎಂದು ಕೊರೆದಿದ್ದಾರಂತಲ್ಲ, ಅದನ್ನು ಸೊನ್ನೆ-ಸೊನ್ನೆ ಮಾಡಿಸಬೇಕು. ಯಾಕೆ ಎಂದು ಜನರ ಮುಂದೆ ಹೇಳಬೇಕು. ಆದರೆ ಕಲ್ಲಿನ ಮಾತು ಬೇಡ ಎಂದರು. "ಅದು ಮುಗದೈತಿ. ಈ ಸನಾಉಲ್ಲಾನ ಮೊಮ್ಮಕ್ಕಳು ಸಾಲಿಗೆ ಹೋಗತಾವ."

೨೬ರಂದು ಬರುತ್ತೇನೆ. ಫಲಕ ಹಾಗೇ ಇರಲಿ, ಅದರ ಕೆಳಗೆ ನಿಂತೇ ಹೇಳುತ್ತೇನೆ. ಕಲ್ಲಿನ ಮಾತು ನಿನಗೆ ಬಿಟ್ಟದ್ದು.

ಗುರುಪುತ್ರಪ್ಪ


ವಡಗಾವಿ
೨೯ ಜನವರಿ ೨೦೨೫

ಗುರುಪುತ್ರಪ್ಪಾ,

ಸಭೆಯಿಂದ ನೀನು ಯಾವ ದಾರಿಯಲ್ಲಿ ಹೋದೆಯೋ ನನಗೆ ತಿಳಿಯಲಿಲ್ಲ. ಊರಿಗೆ ಸುಖವಾಗಿ ಮುಟ್ಟಿದೆ ಎಂದು ಫರ್ದೀನ ಹೇಳಿದ.

ನೀನು ಮಾತಾಡಿದ್ದನ್ನು ಫರ್ದೀನ ನನಗಾಗಿ ವಹಿಯಲ್ಲಿ ಬರೆಯುತ್ತಿದ್ದ. ಅರ್ಧದಲ್ಲಿ ಅವನ ಪೆನ್ನು ನಿಂತಿತು. ತಲೆ ಎತ್ತಿ ನೋಡಿದರೆ ಇಡೀ ಮೈದಾನವೇ ನಿಂತಿತ್ತು. ಆಡುವ ಹುಡುಗರು ನೀರಿನ ಬಾಟಲಿ ಬಾಯಿಗೆ ಹಿಡಿದವರು ಹಾಗೇ ಇದ್ದರು. ಮೊದಲ ಸಾಲಿನಲ್ಲಿ ಕೂತಿದ್ದ ರಾಯಪ್ಪ, ಎಂಬತ್ತರ ಹತ್ತಿರದ ಮುದುಕ, ಎದ್ದು ನಿಲ್ಲಲು ಹೋಗಿ ಮತ್ತೆ ಕೂತ.

ಆಮೇಲೆ ನಾನು ಮೈಕ್ ತೆಗೆದುಕೊಂಡೆ. ಮಾಸ್ತರು ಬೇಡ ಎಂದಿದ್ದರು, ಗೊತ್ತು. ಆದರೆ ಮಾಸ್ತರು ನನಗಾಗಿ ಸುಳ್ಳು ಹೇಳಿದ್ದು ಸಾಕು. ಕಲ್ಲು ನನ್ನದು ಎಂದೆ. ಹೇಳಿ ಮುಗಿಸಿದಾಗ ಬಿಲ್ಕೀಸ ಹೆಂಗಸರ ಸಾಲಿನಿಂದ ಎದ್ದು ಬಂದು ವೇದಿಕೆಯ ಮೆಟ್ಟಿಲ ಬಳಿ ನಿಂತಳು. ಅಲ್ಲಿಯೇ ನಿಂತಿದ್ದಳು, ಕೊನೆಯವರೆಗೂ.

ಮಾಸ್ತರು ಹಿಂದೆ ಕೂತಿದ್ದರು ಎಂದು ಆಗ ನನಗೆ ಗೊತ್ತಿರಲಿಲ್ಲ. ಅವರನ್ನು ಕರೆತಂದವನು ಅವರ ಮಗ ಸುಮಿತ. ಬೆಳಗಾವಿಯ ಹತ್ತಿರದ ಮಚ್ಛೆ ಊರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಅವನಿಗೆ. ನಲವತ್ತು ದಾಟಿದ ಗಂಡಸು. ಅವನು ಜನರನ್ನು ಸರಿಸಿಕೊಂಡು ಮುಂದೆ ಬಂದ. ಹೊಡೆಯಲು ಬರುತ್ತಿದ್ದಾನೆ ಎಂದುಕೊಂಡು ನಾನು ಸುಮ್ಮನೆ ನಿಂತೆ. ಅವನು ಅರ್ಧದಾರಿಗೆ ನಿಂತು, ಹಿಂದೆ ತಿರುಗಿ ತನ್ನ ತಂದೆಗೆ ಏನೋ ಕೇಳಿದ. ಫರ್ದೀನ ಬರೆದು ತೋರಿಸಿದ: "ಬಾಬಾ, ನಿಮಗ ಗೊತ್ತಿತ್ತೇನು?"

ಮಾಸ್ತರು ಹೌದು ಎಂದು ತಲೆ ಆಡಿಸಿದರು. ಆ ಮಗನ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅವನು ತಂದೆಯನ್ನು ಅಲ್ಲಿಯೇ ಬಿಟ್ಟು ನಡೆದುಬಿಟ್ಟ. ಮಾಸ್ತರನ್ನು ಖಾನಾಪುರಕ್ಕೆ ಮುಟ್ಟಿಸಿದ್ದು ಫರ್ದೀನ.

ಕಪ್ಪಿನ ಮೇಲೆ ಅಂಕಿ ಕೊರೆದಿದ್ದ ತಗಡನ್ನು ಹುಡುಗರು ಅವತ್ತೇ ಬಿಚ್ಚಿದರು. ಇಲ್ಲಿ ಕೆಲವರು ನನ್ನ ಸಲಾಂಗೆ ಮುಖ ತಿರುಗಿಸುತ್ತಿದ್ದಾರೆ. ನಿನಗೆ ಅಲ್ಲಿ ಹೇಗಿದೆ?

ಸನಾಉಲ್ಲಾ


ಖಾನಾಪುರ
೫ ಫೆಬ್ರವರಿ ೨೦೨೫

ಸನಾಉಲ್ಲಾ,

ಮಾರುಕಟ್ಟೆಯಲ್ಲಿ ನಾನು ಹೋದ ಕಡೆ ಮಾತು ನಿಲ್ಲುತ್ತದೆ. ಜಾಗ ಹಂಚಿಕೆಯ ಒಂದು ತಕರಾರಿಗೆ ಸಾಕ್ಷಿ ನಿಲ್ಲಬೇಕಿತ್ತು. ಅವರೇ ಬಂದು, "ಬ್ಯಾಡ್ರಿ ಅಣ್ಣಾರ, ಬ್ಯಾರೆದವರನ್ನ ಕರೀತೀವಿ" ಎಂದು ಹೇಳಿ ಹೋದರು. ಅವ್ವ ಎರಡು ದಿನ ಊಟ ಬಿಟ್ಟಿದ್ದಳು. ಮೂರನೆಯ ದಿನ ರೊಟ್ಟಿ ಬಡಿಸುತ್ತ, "ಆಗ ನನಗರೆ ಹೇಳಬೇಕಿತ್ತಲ್ಲೋ" ಎಂದಳು.

ಮಾಸ್ತರ ಮಗ ಮನೆಗೆ ಬಂದಿಲ್ಲವಂತೆ, ಮಚ್ಛೆಯಲ್ಲೇ ಯಾರದೋ ಕೋಣೆಯಲ್ಲಿದ್ದಾನೆ. ಅದು ನಮ್ಮಿಂದಲೇ ಆದದ್ದು. ಹೋಗಿ ಅವನನ್ನು ಕಾಣಬೇಕೆಂದಿದ್ದೆ. ಮಾಸ್ತರು ಬೇಡ, ಇದು ನನ್ನ ಪಾಲಿನದು ಎಂದರು.

ಗುರುಪುತ್ರಪ್ಪ


ಖಾನಾಪುರ
೧೭ ಫೆಬ್ರವರಿ ೨೦೨೫

ಶ್ರೀ ಗುರುಪುತ್ರಪ್ಪ ಮತ್ತು ಶ್ರೀ ಸನಾಉಲ್ಲಾ ಇಬ್ಬರಿಗೂ ಗಜಾನನನ ನಮಸ್ಕಾರ.

ಒಂದೇ ಕಾಗದ ಬರೆದಿದ್ದೇನೆ. ಒಬ್ಬರು ಓದಿ ಇನ್ನೊಬ್ಬರಿಗೆ ಕಳಿಸಬೇಕು. ನನಗೆ ಅಕ್ಷರಗಳು ಮಂಜಾಗಿ ಕಾಣುತ್ತವೆ. ಸಾಲು ಮೇಲೆ ಕೆಳಗೆ ಹೋಗಿದ್ದರೆ ಹೊಂದಿಸಿಕೊಳ್ಳಿ.

ಸನಾಉಲ್ಲಾ ಅವರೇ, ನನ್ನ ಮಾತು ಮೀರಿ ಮೈಕಿನಲ್ಲಿ ಹೇಳಿದಿರಿ. ನನಗೆ ಸಿಟ್ಟು ಬಂದದ್ದು ನಿಜ. ಎಸೆದವರು ಯಾರೋ ಗೊತ್ತಿಲ್ಲ ಎಂದು ನನ್ನ ಮಗನಿಗೆ ಅವನು ಏಳು ವರ್ಷದವನಿದ್ದಾಗಿನಿಂದ ಹೇಳುತ್ತ ಬಂದಿದ್ದೆ. ಅವತ್ತು ಅವನು ಮೈದಾನದಲ್ಲೇ ಇದ್ದ. ಓಡಿ ಬಂದು ನನ್ನ ಅಂಗಿ ಹಿಡಿದವನು ಅವನೇ. ಸಾಲಿಯಲ್ಲಿ, ಕಾಲೇಜಿನಲ್ಲಿ ಅವನು ಗೋಲು ಕದ್ದ ರೆಫ್ರಿಯ ಮಗ ಎಂದು ಕರೆಸಿಕೊಂಡ ಎಂಬುದು ನಿಮಗೂ ಗೊತ್ತು. ಅವನಿಗೆ ನನ್ನ ಸುಳ್ಳನ್ನು ತಡೆದುಕೊಳ್ಳಲು ಆಗಲಿಲ್ಲ. ಸಿಟ್ಟು ನ್ಯಾಯವಾದದ್ದೇ.

ನಿನ್ನೆ ಮಧ್ಯಾಹ್ನ ಅವನು ಬಂದ. ತಾಯಿಯ ಜೊತೆ ಮಾತಾಡಿದ, ನನ್ನ ಜೊತೆ ಮಾತಾಡಲಿಲ್ಲ. ಉಂಡ ಮೇಲೆ ಹೊರಡಲು ಎದ್ದವನು ಏನೆನ್ನಿಸಿತೋ, ನನ್ನ ಪಕ್ಕದ ಬಾಕಿನ ಮೇಲೆ ಬಂದು ಕೂತ. ಕಲ್ಲಿನ ವಿಷಯ ಕೇಳುತ್ತಾನೆ, ನಿಮ್ಮ ವಿಷಯ ಕೇಳುತ್ತಾನೆ ಎಂದು ಉತ್ತರ ಹೊಂದಿಸಿಕೊಳ್ಳುತ್ತಿದ್ದೆ.

"ಬಾಬಾ, ಚೆಂಡು ಖರೇನ ಒಳಗ ಹೋಗಿರಲಿಲ್ಲೇನು?"

"ಹೋಗಿರಲಿಲ್ಲಪ್ಪಾ" ಎಂದೆ.

ಅವನು ನನ್ನ ತೊಡೆಯ ಮೇಲೆ ತಲೆ ಇಟ್ಟು, ಸಣ್ಣವನ ಹಾಗೆ ಅತ್ತ. ಮೂವತ್ತಾರು ವರ್ಷಗಳಲ್ಲಿ, ನನ್ನ ಮನೆಯಲ್ಲಾಗಲಿ ಹೊರಗಾಗಲಿ, ಆ ಮಾತನ್ನು ನನ್ನನ್ನೇ ಕೇಳಿದವನು ಅವನೊಬ್ಬ.

ಇಂತಿ,
ಗಜಾನನ